ಗೋದಿಯಿಲ್ಲದ ಬುತ್ತಿ

ಮಾರ್ಗಶಿರದ ಅಮಾವಾಸ್ಯೆಯ ಹೊತ್ತಿಗೆ ದೇವದುರ್ಗದ ಕಡೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಬೆಳೆದು ನಿಂತಿರುತ್ತದೆ. ಬುತ್ತಿ ಹೊತ್ತು ಬಂದ ಮನೆಮಂದಿ ಭೂತಾಯಿಯನ್ನು ಪೂಜಿಸಿ, ಪೈರಿನ ನಡುವೆ ಚರಗ ಚೆಲ್ಲಿ, ಮರದ ನೆರಳಿನಲ್ಲಿ ಊಟಕ್ಕೆ ಕೂಡುತ್ತಾರೆ. ಎಳ್ಳಮಾವಾಸ್ಯೆಯ ಆ ಸಾಲಿನಲ್ಲಿ ಒಂದು ಮಗು ಮಾತ್ರ ಕೈಕಟ್ಟಿ ಕುಳಿತಿದೆ ಎಂದು ಭಾವಿಸಿ. ವೈದ್ಯರು ಅದಕ್ಕೆ ಗೋದಿಯನ್ನು ಬಿಡಿಸಿದ್ದಾರೆ. ಶೇಂಗಾ ಹೋಳಿಗೆ ಹಿಡಿದು ಬಂದ ಅಜ್ಜಿ, “ಹಬ್ಬದ ದಿನ ಒಂದು ತುಣುಕು ತಿಂದ್ರ ಏನಾಗ್ತದ, ತಿನ್ನು ಮಗಾ” ಎನ್ನುತ್ತಾಳೆ. ಆ ಮಾತಿನಲ್ಲಿರುವುದು ಅಕ್ಕರೆಯೇ, ಕೇಡಾಗುವುದೂ ಅದರಿಂದಲೇ.

ಏನಾಗುತ್ತದೆ? ಗೋದಿ, ಜವೆಗೋದಿ ಮತ್ತು ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟಿನ ಸಸಾರಜನಕವಿದೆ. ಸೀಲಿಯಾಕ್ ಕಾಯಿಲೆಯುಳ್ಳವರ ದೇಹವು ಇದನ್ನು ಹಗೆಯೆಂದು ಬಗೆದು, ಹೋರಾಡಲು ಹೋಗಿ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಕೆಡಿಸಿಕೊಳ್ಳುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ರಕ್ತ ಕುಂದುತ್ತದೆ, ಮಕ್ಕಳ ಬೆಳವಣಿಗೆ ನಿಲ್ಲುತ್ತದೆ. ಹಾಲೆಂಡಿನಲ್ಲಿ 1944-45ರ ಕ್ಷಾಮದ ಚಳಿಗಾಲದಲ್ಲಿ ಬ್ರೆಡ್ಡು ಸಿಗದೆ ಹೋದಾಗ ಇಂತಹ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದೊಡನೆ ಮತ್ತೆ ಹಾಸಿಗೆ ಹಿಡಿದರು. ಗೋದಿಯೇ ಕಾರಣವೆಂದು ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಬಾಳಿನುದ್ದಕ್ಕೂ ಅದನ್ನು ವರ್ಜಿಸುವುದೇ ಇಂದಿಗೂ ಚಿಕಿತ್ಸೆ. ಆದರೆ ಪರೀಕ್ಷೆಗೆ ಮೊದಲೇ ಗೋದಿ ಬಿಟ್ಟರೆ ಕಾಯಿಲೆ ಪತ್ತೆಯಾಗದೆ ಹೋಗಬಹುದೆಂಬುದನ್ನೂ ನೆನಪಿಡಬೇಕು.

2016ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ಉತ್ತರದಲ್ಲಿ ಶೇಕಡಾ 1.23 ಮಂದಿಯಲ್ಲಿ, ದಕ್ಷಿಣದಲ್ಲಿ ಶೇಕಡಾ 0.10 ಮಂದಿಯಲ್ಲಿ ಈ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳನ್ನು ಕಂಡಿತು. ನಮ್ಮಲ್ಲಿ ಅಪರೂಪವಾದ್ದರಿಂದಲೇ ಮನೆಯವರು ಇದನ್ನು ಮಗುವಿನ ಹಟವೆಂದೋ ವೈದ್ಯರ ಅತಿರೇಕವೆಂದೋ ತಿಳಿಯುವುದು.

ಆದರೆ ಆ ಬುತ್ತಿಯನ್ನು ಬಿಚ್ಚಿ ನೋಡಿರಿ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಜೋಳದ ರೊಟ್ಟಿ, ಜೋಳದ ಕಡಬು, ಪುಂಡಿಪಲ್ಯ, ಬದನೆಯ ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ, ಮೊಸರನ್ನ: ಇವುಗಳಲ್ಲಿ ಯಾವುದು ಗೋದಿಯದು? ಹಬ್ಬವಿರುವುದೇ ಹೊಲದಲ್ಲಿ ನಿಂತ ಜೋಳಕ್ಕಾಗಿ. ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲದ್ದರಿಂದಲೇ ಅದು ಚಪಾತಿಯ ಕಣಕದಂತೆ ಹಿಗ್ಗುವುದಿಲ್ಲ. ಕುದಿಯುವ ಎಸರು ಸುರಿದು, ಪಿಷ್ಟವೇ ಅಂಟಾಗುವಂತೆ ನಾದಿ, ಕೈಯಿಂದ ಬಡಿಯಬೇಕು. ರಾಯಚೂರಿನ ಓಣಿಗಳಲ್ಲಿ ಕೇಳುವ ರೊಟ್ಟಿ ಬಡಿಯುವ ಸದ್ದು ಗ್ಲುಟೆನ್ನಿನ ಗೈರುಹಾಜರಿಯ ಸದ್ದೆಂದರೆ ನಗಬೇಡಿ. ತುಂಗಭದ್ರೆಯ ಕಾಲುವೆಯ ನೀರು ಹರಿದ ಮಾನ್ವಿಯ ಕಡೆ ಭತ್ತ ಹೆಚ್ಚು, ಅಕ್ಕಿಯೂ ನಿರಪಾಯವೇ. ಗೋದಿ ಈ ಬುತ್ತಿಗೆ ಹೋಳಿಗೆಯ ಕಣಕದೊಡನೆ ಬಂದ ಅತಿಥಿ.

ಕಣ್ಣಿಗೆ ಕಾಣುವ ಗೋದಿಯನ್ನು ಬಿಡುವುದು ಸುಲಭ. ಕಾಣದ್ದು ಹೆಚ್ಚು ಕಾಡುತ್ತದೆ. ಗಿರಣಿಯಲ್ಲಿ ಗೋದಿ ಬೀಸಿದ ಬೆನ್ನಿಗೇ ಜೋಳ ಸುರಿದರೆ, ಒಳಗೆ ಉಳಿದ ಗೋದಿಹಿಟ್ಟು ಜೋಳದೊಡನೆ ಚೀಲ ಸೇರುತ್ತದೆ. ಮನೆಯ ಬೀಸುವ ಕಲ್ಲನ್ನು ಜೋಳಕ್ಕೆಂದೇ ಮೀಸಲಿಟ್ಟರೆ ಒಳಿತು. ಅಂಗಡಿಯ ಇಂಗಿನಲ್ಲಿ ಬಹುಪಾಲು ಗೋದಿಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ. ಒಂದು ಚಿಟಿಕೆ ಒಗ್ಗರಣೆ ಇಡೀ ಬೇಳೆಸಾರನ್ನು ಕೆಡಿಸಬಲ್ಲದು. ಪೂರಿ ಕರಿದ ಎಣ್ಣೆಯೂ ಸಲ್ಲದು. ಹೆಸರುಗಳೂ ಮೋಸ ಮಾಡುತ್ತವೆ: ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಹುಗ್ಗಿ ಅಕ್ಕಿ-ಹೆಸರುಬೇಳೆಯದು, ನಮ್ಮಲ್ಲಿ ಹುಗ್ಗಿಯೆಂದರೆ ಗೋದಿಯದು. ಬೇರೆ ಊರಿನಿಂದ ಬಂದ ನೆಂಟರು ಕೇಳಿಯೇ ಉಣ್ಣಬೇಕು.

ಸಂಕ್ರಾಂತಿಯಲ್ಲಿ ಕುಸುರೆಳ್ಳು, ಎಳ್ಳುಂಡೆ, ಶೇಂಗಾ ಉಂಡೆಗಳಿಗೆ ತಡೆಯಿಲ್ಲ. ಡಿಸೆಂಬರ್ 25ರ ಕ್ರಿಸ್‌ಮಸ್ ಸ್ವಲ್ಪ ಕಷ್ಟದ್ದು, ಏಕೆಂದರೆ ಕೇಕಿಗೆ ಮೈದಾ ಬೇಕು. ಇಂಗಿಲ್ಲದ ಅಕ್ಕಿಹಿಟ್ಟಿನ ಚಕ್ಕುಲಿ, ಅಕ್ಕಿಯ ಪಾಯಸಗಳನ್ನು ಅಂದು ನೆಚ್ಚಬಹುದು.

ಅಜ್ಜಿಗೆ ಹೇಳಬೇಕಾದದ್ದು ಇಷ್ಟೆ. ಹಬ್ಬದ ಬೆಳಗು, ಹೋಳಿಗೆಯ ಹಿಟ್ಟಿನ ಡಬ್ಬಿ ತೆರೆಯುವ ಮೊದಲು, ತೊಳೆದ ಪಾತ್ರೆಗಳಲ್ಲಿ ಕಡಬು, ತೊಳೆದ ಹಂಚಿನ ಮೇಲೆ ರೊಟ್ಟಿ ಆಗಲಿ. ಮಗುವಿಗಷ್ಟೇ ಅಲ್ಲ, ಸಾಲಿನಲ್ಲಿ ಕುಳಿತ ಎಲ್ಲರಿಗೂ ಸಾಲುವಷ್ಟು ಆಗಲಿ. ಹೋಳಿಗೆಯ ಬುಟ್ಟಿ ಕೊನೆಗೆ ಬರಲಿ, ಬೇರೆ ಕೈಯಿಂದ.