ಖಳನ ಮುಖವಾಡ, ಗಜಪ್ರಾಸ

ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆಗೆ ಲಾಂಗ್ ಬೀಚ್ ಸಿಗುತ್ತದೆ. ಜನ ಅಲ್ಲಿಗೆ ಹೋಗುವುದು ಕಡಲಿಗಾಗಿ. ನಾನು ಹೋದದ್ದು ಈಸ್ಟ್ ಹಡ್ಸನ್ ಸ್ಟ್ರೀಟಿನ ಮೂಲೆಯಲ್ಲಿರುವ ಒಂದು ಬೀದಿಫಲಕಕ್ಕಾಗಿ. 2021ರಲ್ಲಿ ಊರಿನವರು ಆ ಬೀದಿಗೆ 'ಕೆಎಂಡಿ–ಎಂಎಫ್ ಡೂಮ್ ವೇ' ಎಂದು ಹೆಸರಿಟ್ಟಿದ್ದಾರೆ. "ಈ ಬೋರ್ಡ್ ನೋಡೋಕೆ ಇಷ್ಟು ದೂರ ಬಂದ್ವಾ ಮಾಮ?" ಎಂದ ಜೊತೆಗಿದ್ದ ಅಕ್ಕನ ಮಗ. ಅವನು ಅಮೆರಿಕದಲ್ಲೇ ಹುಟ್ಟಿ ಬೆಳೆದವನು. ರ‍್ಯಾಪ್ ಅವನ ಕಾಲದ ಸಂಗೀತ, ಅದರ ಹುಚ್ಚು ಮಾತ್ರ ನನಗೆ.

ಡೂಮ್ ಎಂದರೆ ರ‍್ಯಾಪರ್ ಡೇನಿಯಲ್ ಡೂಮಿಲೆ. 1971ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಈ ಊರಿನಲ್ಲಿ ಬೆಳೆದವನು. ತಮ್ಮ ಸಬ್‌ರಾಕ್ ಜೊತೆ ಕೆಎಂಡಿ ಎಂಬ ತಂಡ ಕಟ್ಟಿದ್ದ. 1993ರಲ್ಲಿ ಹೆದ್ದಾರಿ ದಾಟುವಾಗ ಕಾರು ಬಡಿದು ತಮ್ಮ ಸತ್ತ. ಅದರ ಬೆನ್ನಿಗೇ ಅವರ ಎರಡನೇ ಆಲ್ಬಂ ಅನ್ನು ಮುಖಪುಟದ ಚಿತ್ರದ ವಿವಾದದಿಂದಾಗಿ ಕಂಪನಿ ಕೈಬಿಟ್ಟಿತು. ಕೆಲವು ವರ್ಷ ಆಸಾಮಿಯ ಪತ್ತೆಯೇ ಇಲ್ಲ. ಮತ್ತೆ ವೇದಿಕೆಗೆ ಬಂದಾಗ ಮುಖ ಮುಚ್ಚಿಕೊಂಡಿದ್ದ. ಕಾಮಿಕ್ಸಿನ ಖಳ ಡಾಕ್ಟರ್ ಡೂಮ್‌ನಿಂದ ಹೆಸರನ್ನೂ ಠೀವಿಯನ್ನೂ ಎರವಲು ಪಡೆದು, ಲೋಹದ ಮುಖವಾಡ ತೊಟ್ಟ. ತನ್ನ ಬಗ್ಗೆ 'ಅವನು', 'ಆ ಖಳ' ಎಂದೇ ಹಾಡಿದ. ಕೆಲವು ಕಾರ್ಯಕ್ರಮಗಳಿಗೆ ಮುಖವಾಡ ಹಾಕಿಸಿ ಬೇರೆಯವರನ್ನು ಕಳಿಸಿದ್ದೂ ಉಂಟು. ದುಡ್ಡು ಕೊಟ್ಟು ಬಂದವರು ರೇಗಿದರು, ಸರಿಯೇ. ನಾನು ಮಾತ್ರ ಇದನ್ನು ಕೇಳಿದಾಗಲೆಲ್ಲ ನಗುತ್ತೇನೆ. ಮುಖ ಯಾರದಾದರೇನು, ಸಾಲು ನೋಡಿ ಎನ್ನುವುದೇ ಅವನ ವಾದ.

ಸಾಲು ನೋಡೋಣ ಎಂದು ಕಡಲ ದಂಡೆಯ ಬೆಂಚಿನಲ್ಲಿ ಕೂತೆವು. ಕಿವಿಗೆ ಒಂದೊಂದು ಇಯರ್‌ಫೋನ್, ಹುಡುಗನ ಮೊಬೈಲಿನಲ್ಲಿ ಸಾಹಿತ್ಯ, ನನ್ನ ತೊಡೆಯ ಮೇಲೆ ನೋಟ್‌ಬುಕ್ಕು. ಹಾಕಿದ್ದು 2004ರಲ್ಲಿ ಡೂಮ್, ಬೀಟ್ ನಿರ್ಮಾಪಕ ಮ್ಯಾಡ್‌ಲಿಬ್ ಜೊತೆ ಮಾಡಿದ 'ಮ್ಯಾಡ್‌ವಿಲನಿ'. 22 ತುಣುಕುಗಳ ಆಲ್ಬಂ, ಒಟ್ಟು 46 ನಿಮಿಷ, ಪಲ್ಲವಿ ಇಲ್ಲವೆನ್ನುವಷ್ಟು ಕಡಿಮೆ. ನಿದ್ದೆಯಿಂದ ಈಗಷ್ಟೇ ಎದ್ದವನಂಥ ಒರಟು ದನಿ, ಎಲ್ಲೂ ಕೂಗಾಟವಿಲ್ಲ. ನಾನು ಪ್ರಾಸ ಸಿಕ್ಕಲ್ಲೆಲ್ಲ ಗೆರೆ ಎಳೆಯುತ್ತ ಹೋದೆ. ಸಾಲಿನ ಕೊನೆಯಲ್ಲಿ ಒಂದು ಗೆರೆ ಸಾಕು ಎಂದುಕೊಂಡಿದ್ದ ಹುಡುಗ ಹಾಳೆ ನೋಡಿ ಬೆರಗಾದ. ಸಾಲಿನ ತಲೆಯಲ್ಲಿ, ನಡುವಿನಲ್ಲಿ, ಬಾಲದಲ್ಲಿ ಎಲ್ಲೆಡೆ ಗೆರೆ. ಒಂದು ಪದಕ್ಕೆ ಒಂದು ಪದವಲ್ಲ, ಮೂರು ನಾಲ್ಕು ಪದಗಳ ಇಡೀ ಗೊಂಚಲಿಗೆ ಇನ್ನೊಂದು ಗೊಂಚಲು, ಸ್ವರಕ್ಕೆ ಸ್ವರ ಕೂಡಿಸಿ ಹೆಣೆದದ್ದು. ವಾಕ್ಯ ಸಾಲು ದಾಟಿ ಹರಿಯುತ್ತದೆ, ಆದರೆ ಪ್ರಾಸ ತನ್ನ ಜಾಗ ಬಿಡುವುದಿಲ್ಲ. "ಇಷ್ಟು ದಿನ ಬರೀ ಬೀಟ್ ಕೇಳ್ತಿದ್ದೆ" ಎಂದ ಹುಡುಗ.

ನನಗೆ ಆ ಹೊತ್ತಿಗೆ ನಮ್ಮ ಕನ್ನಡ ಮೇಷ್ಟ್ರ ಛಂದಸ್ಸಿನ ಪಾಠ ನೆನಪಾಗಿತ್ತು. ಹಳಗನ್ನಡ ಪದ್ಯದ ಪ್ರಾಸ ಸಾಲಿನ ಕೊನೆಯಲ್ಲಲ್ಲ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ. ಅದಕ್ಕೆ ನಮ್ಮವರು ಇಟ್ಟ ಹೆಸರುಗಳಂತೂ ಒಂದು ಮೃಗಾಲಯ. ಮೊದಲಕ್ಷರ ಹ್ರಸ್ವವಾದರೆ ಸಿಂಹಪ್ರಾಸ: ಮಳೆ, ಹೊಳೆ, ಕಳೆ. ದೀರ್ಘವಾದರೆ ಗಜ: ಕಾಲ, ಸಾಲ, ಬಾಲ. ಸೊನ್ನೆ ಬಂದರೆ ವೃಷಭ: ಬಂದ, ಅಂದ. ಒತ್ತಕ್ಷರ ಸಜಾತೀಯವಾದರೆ ಹಯ: ಅಕ್ಕ, ಬೆಕ್ಕು. ವಿಜಾತೀಯವಾದರೆ ಶರಭ: ಪತ್ರ, ಮಿತ್ರ. ವಿಸರ್ಗ ಬಂದರೆ ಅಜ, ಅಂದರೆ ಆಡು. ಪಾಪದ ಆಡಿಗೆ 'ದುಃಖ' ಬಿಟ್ಟರೆ ಹೆಚ್ಚೇನೂ ಮೇಯಲು ಸಿಗುವುದಿಲ್ಲ. ಡೂಮ್ ಸ್ವರ ಹಿಡಿದು ವ್ಯಂಜನ ಸಡಿಲ ಬಿಡುತ್ತಾನೆ. ನಮ್ಮ ಕವಿಗಳು ವ್ಯಂಜನ ಹಿಡಿದು ಅದರ ಮೇಲಿನ ಸ್ವರ ಸಡಿಲ ಬಿಟ್ಟರು. ಪ್ರಾಸಕ್ಕಾಗಿ ತ್ರಾಸ ಎಂಬ ಗೊಣಗಾಟ ಹೆಚ್ಚಾಗಿ, 1911ರ ಸುಮಾರಿಗೆ ಮಂಜೇಶ್ವರದ ಗೋವಿಂದ ಪೈ ಅದನ್ನು ಬಿಟ್ಟೇಬಿಟ್ಟರು. ನವೋದಯಕ್ಕೆ ಅದು ಬೇಕಿತ್ತು, ಒಪ್ಪೋಣ. ಆದರೆ ಹಳಬರು ಅಂತ್ಯಪ್ರಾಸವನ್ನು ಯಾಕೆ ನೆಚ್ಚಿಕೊಳ್ಳಲಿಲ್ಲ? ನನ್ನ ಅನುಮಾನ ಇದು: ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಬರುತ್ತೇನೆ, ಹೋಗುತ್ತೇನೆ, ನೋಡುತ್ತೇನೆ ಎಂದರೆ ಪ್ರಾಸ ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದಕ್ಕೆ ಕಿವಿ ನಿಮಿರುವುದಿಲ್ಲ.

ರ‍್ಯಾಪಿನ ಚರಿತ್ರೆಯನ್ನು ಚುಟುಕಾಗಿ ಹೇಳುವುದಾದರೆ ಇಷ್ಟು. 1973ರ ಆಗಸ್ಟ್ 11ರಂದು ಬ್ರಾಂಕ್ಸಿನ ಸೆಜ್‌ವಿಕ್ ಅವೆನ್ಯೂದಲ್ಲಿ ಡಿಜೆ ಕೂಲ್ ಹರ್ಕ್ ತಂಗಿಯ ಪಾರ್ಟಿಗೆ ರೆಕಾರ್ಡು ತಿರುಗಿಸಿದ, ಅಲ್ಲಿಂದ ಶುರು. 1982ರ 'ದ ಮೆಸೇಜ್' ಬೀದಿಯ ಬಡತನವನ್ನು ಹಾಡಾಗಿಸಿತು. 1987ರಲ್ಲಿ ರಾಕಿಮ್ ಸಾಲಿನೊಳಗೇ ಪ್ರಾಸ ಪೋಣಿಸಿ ಎಲ್ಲರಿಗೂ ಹೊಸ ಪಾಠ ಹೇಳಿದ. 2018ರಲ್ಲಿ ಕೆಂಡ್ರಿಕ್ ಲಮಾರ್‌ಗೆ ಪುಲಿಟ್ಜರ್ ಬಂತು. ಅಂದಿನಿಂದ 'ವಿಚಾರವಂತ ರ‍್ಯಾಪ್' ಎಂಬ ಮಾತು ಬಲು ಗೌರವಸ್ಥರ ಬಾಯಲ್ಲೂ ಇದೆ. ನನಗೆ ಆ ಹಣೆಪಟ್ಟಿಯ ಮೇಲೆ ನಂಬಿಕೆ ಕಡಿಮೆ. ಸಾಮಾಜಿಕ ಕಾಳಜಿಯ ಭಾಷಣವನ್ನು ತಾಳಕ್ಕೆ ಕೂರಿಸಿದ ಮಾತ್ರಕ್ಕೆ ವಿಚಾರ ಹುಟ್ಟುವುದಿಲ್ಲ. ಪದ ಎಣಿಸುವವರೂ ನನಗೆ ರುಚಿಸುವುದಿಲ್ಲ. 2014ರಲ್ಲಿ ಮ್ಯಾಟ್ ಡೇನಿಯಲ್ಸ್ ರ‍್ಯಾಪರ್‌ಗಳ ಮೊದಲ 35,000 ಪದಗಳನ್ನು ಲೆಕ್ಕಹಾಕಿ, ಏಸಾಪ್ ರಾಕ್ ಬಳಸಿದ ಬೇರೆ ಬೇರೆ ಪದಗಳು 7,392 ಎಂದು ತೋರಿಸಿದರು. ಶೇಕ್ಸ್‌ಪಿಯರ್ ಕೂಡ ಆ ಎಣಿಕೆಯಲ್ಲಿ ಹಿಂದೆ ಬಿದ್ದ. ಆದರೇನು? ಉಗ್ರಾಣ ದೊಡ್ಡದಿದ್ದರೆ ಅಡುಗೆ ರುಚಿಯಾಗಬೇಕೆಂದಿಲ್ಲ.

ಡೂಮ್ ಬೋಧಿಸುವುದಿಲ್ಲ. ಅದೇ 2004ರಲ್ಲಿ ಬಂದ 'ಎಂಎಂ..ಫುಡ್' ಆಲ್ಬಂನಲ್ಲಿ ಹೆಚ್ಚುಕಡಿಮೆ ಪ್ರತಿ ಹಾಡಿಗೂ ತಿಂಡಿಯ ಹೆಸರು. ಒಂದು ಹಾಡು ಸ್ನೇಹಿತರನ್ನು ಬಗೆಬಗೆಯಾಗಿ ವಿಂಗಡಿಸಿ ಸೋಸುತ್ತದೆ. ಇನ್ನೊಂದು, ತಮ್ಮ ಹಾಡಿನಲ್ಲೇ ತಮ್ಮ ಅಪರಾಧ ಕೊಚ್ಚಿಕೊಂಡು ಸಿಕ್ಕಿಬೀಳುವ ರ‍್ಯಾಪರ್‌ಗಳನ್ನು ಗೇಲಿ ಮಾಡುತ್ತದೆ. ನಗಿಸುತ್ತಲೇ ಅವನು ಮುಟ್ಟಿದ್ದು ಗಂಭೀರ ಸಂಗತಿಯನ್ನು. ಅಮೆರಿಕದ ನ್ಯಾಯಾಲಯಗಳಲ್ಲಿ ರ‍್ಯಾಪ್ ಸಾಲುಗಳು ಸಾಕ್ಷ್ಯವಾಗಿ ಬರತೊಡಗಿ, 2022ರಲ್ಲಿ ಕ್ಯಾಲಿಫೋರ್ನಿಯಾ ಅದಕ್ಕೆ ಲಗಾಮು ಹಾಕುವ ಕಾನೂನನ್ನೇ ತರಬೇಕಾಯಿತು. ಅಷ್ಟರಲ್ಲಿ ಡೂಮ್ ಇರಲಿಲ್ಲ. 2010ರ ಪ್ರವಾಸದ ಬಳಿಕ ಅಮೆರಿಕ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. 2020ರ ಅಕ್ಟೋಬರ್ 31ರಂದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತೀರಿಕೊಂಡ. ಸುದ್ದಿ ಹೊರಬಿದ್ದದ್ದು ಎರಡು ತಿಂಗಳ ನಂತರ.

ಈಗ ಕನ್ನಡದಲ್ಲೂ ರ‍್ಯಾಪಿಗೆ ನೆಲೆ ಸಿಕ್ಕಿದೆ. ಆಲ್ ಓಕೆ, ರಾಹುಲ್ ಡಿಟ್ಟೊ, ಚಂದನ್ ಶೆಟ್ಟಿ ಇವರ ಹಾಡುಗಳು ಆಟೊದಲ್ಲೂ ಮದುವೆಮನೆಯಲ್ಲೂ ಕೇಳುತ್ತವೆ. ಆಡುಮಾತಿನ ಬಿರುಸು, ಊರುಕೇರಿಯ ಹೆಮ್ಮೆ ಎಲ್ಲ ಚೆನ್ನ. ಆದರೆ ಕನ್ನಡದ ಎಷ್ಟೋ ರ‍್ಯಾಪ್ ಹಾಡುಗಳು ಸಾಲಿನ ತುದಿಯಲ್ಲಿ ಕ್ರಿಯಾಪದ ಜೋಡಿಸಿ ತೃಪ್ತಿಪಟ್ಟುಕೊಳ್ಳುತ್ತವೆ. ಸಾವಿರ ವರ್ಷ ಹಳೆಯ ಪ್ರಾಸಭಂಡಾರ ಇರುವ ಭಾಷೆಗೆ ಇದು ತೀರಾ ಅಗ್ಗದ ವ್ಯಾಪಾರ. ಹೊಸ ಹುಡುಗರು ನಾಗವರ್ಮನ 'ಛಂದೋಂಬುಧಿ'ಯ ಪ್ರಾಸದ ಭಾಗವನ್ನೊಮ್ಮೆ ತಿರುವಿಹಾಕಲಿ. ಅರ್ಥವಾಗದಿದ್ದರೆ ಹತ್ತಿರದ ಕನ್ನಡ ಮೇಷ್ಟ್ರನ್ನು ಹಿಡಿಯಲಿ. ಬೀಟ್ ಎಲ್ಲಿ ಬೇಕಾದರೂ ಸಿಗುತ್ತದೆ, ಗಜಪ್ರಾಸ ಸಿಗುವುದು ಇಲ್ಲಿ ಮಾತ್ರ.