ಕಂದರಾವರೋಹಣ: ಇಳಿಯುವ ವಿದ್ಯೆಯ ಪೂರ್ವಸಿದ್ಧತೆ

ಶಿಖರವನ್ನೇರುವವನು ದಣಿದರೆ ಬಂದ ದಾರಿಯಲ್ಲಿಯೇ ಹಿಂದಿರುಗಬಲ್ಲನು. ಜಲಪಾತವೊಂದನ್ನು ಹಗ್ಗದಿಂದಿಳಿದು, ಆ ಹಗ್ಗವನ್ನು ಮುಂದಿನ ಜಲಪಾತಕ್ಕೆಂದು ಕೆಳಕ್ಕೆ ಸೆಳೆದುಕೊಂಡವನಿಗೆ ಆ ಅವಕಾಶವಿಲ್ಲ. ಹೊಳೆ ಕೊರೆದ ಕಂದರವನ್ನು ನಡಿಗೆ, ಈಜು, ಹಗ್ಗ ಈ ಮೂರರ ಬಲದಿಂದ ಮೇಲಿನಿಂದ ಕೆಳಗಿನವರೆಗೆ ದಾಟುವ, ಕ್ಯಾನಿಯನಿಂಗ್ ಎಂದು ಪ್ರಸಿದ್ಧವಾದ ಕಂದರಾವರೋಹಣದಲ್ಲಿ ಧೈರ್ಯಕ್ಕಿಂತ ಯೋಜನೆಗೆ ಹಿರಿಯ ಸ್ಥಾನವಿರುವುದು ಈ ಕಾರಣದಿಂದಲೇ. ಫ್ರಾನ್ಸಿನ ಗುಹಾಶೋಧಕ ಮಾರ್ತೆಲ್ 1905ರಲ್ಲಿ ವೆರ್ದೋಂ ಕಂದರವನ್ನು ಹಾಯ್ದಂದಿನಿಂದ ಈ ವಿದ್ಯೆಯ ಉಪಕರಣಗಳು ಬಹಳ ಬದಲಾಗಿವೆ. ಈ ಮೂಲನಿಯಮ ಮಾತ್ರ ಬದಲಾಗಿಲ್ಲ.

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ನೆಲೆಸಿದ ಕನ್ನಡಿಗ ತರುಣರು ಇದರ ಮೊದಲ ಪಾಠಕ್ಕಾಗಿ ಬಹುದೂರ ಹೋಗಬೇಕಾದುದಿಲ್ಲ. ಕಲ್ಯಾಣ ಚಾಲುಕ್ಯರ ತ್ರಿಭುವನಮಲ್ಲ ವಿಕ್ರಮಾದಿತ್ಯನ ಹೆಸರನ್ನು ಹೊತ್ತ ಭುವನಗಿರಿಯ ಏಕಶಿಲಾ ಬೆಟ್ಟದಲ್ಲಿ ಇಂದು ಶಿಲಾರೋಹಣದ ಶಾಲೆಯಿದೆ. 2014ರ ಮೇ 25ರಂದು, ತನ್ನ 13ನೆಯ ವಯಸ್ಸಿನಲ್ಲಿ, ಎವರೆಸ್ಟನ್ನೇರಿದ ಮಾಲಾವತ್ ಪೂರ್ಣ ಹಗ್ಗ ಹಿಡಿಯಲು ಕಲಿತದ್ದು ಅಲ್ಲಿಯೇ. ಸೊಂಟಪಟ್ಟಿಯನ್ನು ಬಿಗಿಯುವುದು, ಭಾರವನ್ನು ಹಗ್ಗಕ್ಕೊಪ್ಪಿಸಿ ಹಿಂದಕ್ಕೆ ವಾಲುವುದು, ಸಂಗಡಿಗನ ಗಂಟನ್ನು ಪರೀಕ್ಷಿಸದೆ ಒಂದು ಹೆಜ್ಜೆಯನ್ನೂ ಇಡದಿರುವುದು, ಇವೆಲ್ಲ ಒಣ ಕಲ್ಲಿನ ಮೇಲೆಯೇ ರೂಢಿಯಾಗಬೇಕು.

ಆದರೆ ಒಣ ಕಲ್ಲಿನ ಪಾಠವೆಲ್ಲವೂ ಮಲೆನಾಡಿನ ಹೊಳೆಗೆ ಒಗ್ಗುವುದಿಲ್ಲ. ಭುವನಗಿರಿಯಲ್ಲಿ ಹಗ್ಗದ ತುದಿಗೆ ಹಾಕಿದ ಗಂಟು ಪ್ರಾಣರಕ್ಷಕ. ನೀರು ಧುಮುಕುವೆಡೆಯಲ್ಲಿ ಅದೇ ಗಂಟು ಇಳಿಯುವವನನ್ನು ಧಾರೆಯ ಕೆಳಗೆ ತಡೆಹಿಡಿದು ಮುಳುಗಿಸಬಲ್ಲುದು. ಆದಕಾರಣ ಅಲ್ಲಿ ಹಗ್ಗದ ತುದಿ ಮಡುವಿನ ನೀರನ್ನು ಮುಟ್ಟುವಷ್ಟಕ್ಕೇ ಅಳತೆ ಹಿಡಿದು, ಗಂಟಿಲ್ಲದೆ ಬಿಡುತ್ತಾರೆ. ನಡುವೆ ಯಾರಾದರೂ ಸಿಕ್ಕಿಕೊಂಡರೆ ಮೇಲಿನವನು ಹಗ್ಗವನ್ನು ಸಡಿಲಿಸಿ ಆತನನ್ನು ಇಳಿಸುವಂತೆ ಆಧಾರವನ್ನು ಕಟ್ಟುತ್ತಾರೆ. ನೀರಿನ ಭೋರ್ಗರೆತದಲ್ಲಿ ಕೂಗು ಕೇಳಿಸದಾದ್ದರಿಂದ ಸೀಟಿಯ ಸಂಕೇತಗಳನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಯೋಜನೆಯ ಮೊದಲ ಪ್ರಶ್ನೆ ಋತುವಿನದು. ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸುತ್ತಣ ಕಂದರಗಳ ಕಡೆಗೆ, ಸೀತಾನದಿ ಬರ್ಕಣದಲ್ಲಿ ಧುಮುಕುವ ಕಾಡಿನ ಕಡೆಗೆ, ಮುಂಗಾರಿನಲ್ಲಿ ಹಗ್ಗ ಹೊತ್ತು ಹೊರಡುವುದು ಅವಿವೇಕ. ನೀರಿಳಿದ ಮೇಲೆ, ಚಳಿಗಾಲದಿಂದ ಬೇಸಗೆಯವರೆಗೆ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯವುಂಟು. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರದ ವರ್ತಮಾನವನ್ನು ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಯೇ ದಿನ ಗೊತ್ತುಮಾಡುವುದು ಲೇಸು.

ಎರಡನೆಯದು ನಕ್ಷೆ. ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಹಾಳೆಯಲ್ಲಿ ಸಮೋನ್ನತಿ ರೇಖೆಗಳು ಸಾಮಾನ್ಯವಾಗಿ 20 ಮೀಟರಿಗೊಂದರಂತೆ ಇರುತ್ತವೆ. ಎಂದಮೇಲೆ 15 ಮೀಟರಿನ ನೆಟ್ಟನೆಯ ಧುಮುಕೊಂದು ಎರಡು ರೇಖೆಗಳ ನಡುವೆ ಸುಳಿವೇ ಕೊಡದೆ ಅಡಗಿರಬಹುದು. ಅತಿ ಎತ್ತರದ ಧುಮುಕಿನ ಇಮ್ಮಡಿ ಉದ್ದದ ಹಗ್ಗವಲ್ಲದೆ ಮತ್ತೊಂದು ಹಗ್ಗವನ್ನೂ ಒಯ್ಯಬೇಕೆನ್ನುವುದು ಇದಕ್ಕಾಗಿ. ಅದೇ ಹಾಳೆಯಲ್ಲಿ ಹೊಳೆಯ ಜಲಾನಯನವನ್ನೂ ಗುರುತಿಸಬೇಕು. ಒಂದು ಚದರ ಕಿಲೋಮೀಟರಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು 5 ಕೋಟಿ ಲೀಟರು ನೀರು. ಅದರ ಬಹುಭಾಗ ಇಕ್ಕಟ್ಟಾದ ಕೊರಕಲಿಗೇ ಹರಿದುಬರುವಾಗ, ಅಲ್ಲಿರುವವರ ತಲೆಯ ಮೇಲೆ ಬಿಸಿಲಿದ್ದರೂ, ಪ್ರವಾಹವೇರಬಹುದು. ನೀರು ಕದಡಿತೇ, ತರಗೆಲೆ ಕಡ್ಡಿಗಳು ತೇಲಿಬಂದವೇ, ಆ ಕ್ಷಣವೇ ಎತ್ತರಕ್ಕೇರಬೇಕು. ಏರುವ ಜಾಗಗಳನ್ನು ನಕ್ಷೆಯಲ್ಲಿ ಮೊದಲೇ ಗುರುತುಹಾಕಿರಬೇಕು.

ಇವೆಲ್ಲಕ್ಕೂ ಮಿಗಿಲಾಗಿ, ಈ ಕಂದರಗಳಲ್ಲಿ ಹಲವು ಸೋಮೇಶ್ವರದಂತಹ ವನ್ಯಜೀವಿಧಾಮಗಳಿಗೆ ಸೇರಿದವು; ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಕಾಲಿಡುವುದು ಅಪರಾಧ. ಆ ಹೊಳೆಯ ನಡತೆಯನ್ನು ಬಾಲ್ಯದಿಂದ ಕಂಡ ಊರಿನವರ ಮಾತಿಗೆ ನಕ್ಷೆಗಿಂತಲೂ ಹೆಚ್ಚಿನ ಬೆಲೆಯಿದೆ. ಅವರು ಬೇಡವೆಂದ ದಿನ ಹಗ್ಗ ಚೀಲದಲ್ಲಿಯೇ ಉಳಿಯಬೇಕು. ಮನೆಯವರಿಗೆ ಬರೆದುಕೊಟ್ಟ ಚೀಟಿಯಲ್ಲಿ ಹೋಗುವ ಹೊಳೆ, ಹೊರಬರುವ ಹೊತ್ತು, ಆ ಹೊತ್ತು ಮೀರಿದರೆ ಯಾರಿಗೆ ತಿಳಿಸಬೇಕೆಂಬುದು ಸ್ಪಷ್ಟವಾಗಿರಲಿ. ಮೊದಲ ಹಗ್ಗವನ್ನು ಸೆಳೆಯುವುದಕ್ಕೆ ಮುನ್ನ ಹಿಂದಿರುಗುವ ನಿರ್ಧಾರವನ್ನು ತಂಡದ ಯಾವನೊಬ್ಬನೂ, ಅತ್ಯಂತ ಕಿರಿಯನೂ, ನಿಸ್ಸಂಕೋಚವಾಗಿ ಹೇಳುವಂತಿರಬೇಕು. ಅಂತಹ ತಂಡಕ್ಕೆ ಮಾತ್ರ ಕಂದರಕ್ಕಿಳಿಯುವ ಅರ್ಹತೆ.