ಬ್ರಹ್ಮಗಿರಿಯ ಬಂಡೆ ಮತ್ತು ಕರಡಿಯ ಹಸಿವು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಪ್ರವಾಸ ಹೋದ ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಅಶೋಕನ ಶಾಸನವನ್ನು. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಈ ಶಾಸನಕ್ಕೆ ಸುಮಾರು 2,250 ವರ್ಷ ವಯಸ್ಸು. ತಂದೆತಾಯಿಯರ ಮಾತು ಕೇಳಬೇಕು, ಗುರುವನ್ನು ಗೌರವಿಸಬೇಕು, ಸತ್ಯ ನುಡಿಯಬೇಕು ಎಂಬ ಬೋಧನೆಯ ಜೊತೆಗೆ ಜೀವಿಗಳ ಬಗ್ಗೆ ದಯೆ ಇರಬೇಕೆಂಬ ಆಶಯವೂ ಅದರಲ್ಲಿದೆ. ಮೊದಲಿನ ಮೂರು ಮಾತು ಎಲ್ಲ ಮನೆಗಳಲ್ಲೂ ಕೇಳಿಬರುತ್ತವೆ. ಕೊನೆಯದು ಮಾತ್ರ ಹೊಲದ ಬದುವಿಗೆ ಬಂದಾಗ ಪರೀಕ್ಷೆಗೆ ಒಳಗಾಗುತ್ತದೆ.

ಏಕೆಂದರೆ ಈ ಬಂಡೆಗಳ ಸೀಮೆ ಕರಡಿಗಳ ಸೀಮೆಯೂ ಹೌದು. ನೆರೆಯ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಕರಡಿಧಾಮ ಘೋಷಣೆಯಾಯಿತು. ಬಂಡೆಗಳ ಸಂದಿಯಲ್ಲಿ ಹಗಲು ಕಳೆದು, ಸಂಜೆಯಾದ ಮೇಲೆ ಆಹಾರ ಹುಡುಕಿ ಹೊರಡುವುದು ಕರಡಿಯ ರೂಢಿ.

ಮೂಗೇ ದಾರಿದೀಪ

ಕರಡಿಯ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು ಮತ್ತು ಹಣ್ಣು. ಉದ್ದನೆಯ ಉಗುರುಗಳಿಂದ ಹುತ್ತವನ್ನು ಕೆದಕಿ, ಮಣ್ಣನ್ನು ಊದಿ, ಗೆದ್ದಲನ್ನು ಹೀರಿಕೊಳ್ಳುತ್ತದೆ. ಹೀರಲು ಅನುಕೂಲವಾಗುವಂತೆ ಮೇಲಿನ ದವಡೆಯ ಮುಂಭಾಗದ ಎರಡು ಹಲ್ಲು ಇರುವುದೇ ಇಲ್ಲ. ಧೂಳು ನುಗ್ಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲದು. ಕಣ್ಣು ಅಷ್ಟು ಚುರುಕಲ್ಲ; ವಾಸನೆಯೇ ದಾರಿ ತೋರಿಸುತ್ತದೆ. ಆದ್ದರಿಂದಲೇ ತಿನಿಸು ಇಟ್ಟು ಕರಡಿಯನ್ನು ಬರಮಾಡಿಕೊಳ್ಳುವುದು ಸುಲಭ. ಹೀಗೆ ಒಡ್ಡುವ ತಿನಿಸೇ ಆಮಿಷ.

ಕರ್ನಾಟಕದಲ್ಲಿ ಆಮಿಷ ಒಡ್ಡುವುದು ಹೆಚ್ಚಾಗಿ ಕರಡಿಗಲ್ಲ, ಕಾಡುಹಂದಿಗೆ. ಸಾಲ ಮಾಡಿ ಬಿತ್ತಿದ ಶೇಂಗಾವನ್ನು ಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ಉತ್ತು ಹಾಕಿದರೆ ರೈತನಿಗೆ ಸಿಟ್ಟು ಬರುವುದು ಸಹಜವೇ. ಮಾಂಸದ ಆಸೆಯಿಂದ ಹಂದಿ ಹಿಡಿಯುವವರೂ ಉಂಟು. ಕೆಲವರು ಬೇಲಿಯ ಕಂಡಿಯಲ್ಲಿ ತಂತಿಯ ಉರುಳು ಕಟ್ಟುತ್ತಾರೆ. ಕೆಲವರು ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಅಡಗಿಸಿಡುತ್ತಾರೆ. ಆದರೆ ಇಟ್ಟವನು ಮನೆಗೆ ಹೋಗಿ ಮಲಗಿರುತ್ತಾನೆ. ಬರುವುದು ಹಂದಿಯೋ, ಕರಡಿಯೋ, ಮೇಯಲು ಬಿಟ್ಟ ಹಸುವೋ ಉಂಡೆಗೆ ಗೊತ್ತಾಗುವುದಿಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಇಂಥ ಸಿಡಿಮದ್ದಿನಿಂದ ಬಾಯಿ ಛಿದ್ರವಾದ ಗಬ್ಬದ ಆನೆಯೊಂದು ನದಿಯ ನೀರಿನಲ್ಲಿ ನಿಂತೇ ಸತ್ತಿತು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕರಡಿ ಒಂದನೆಯ ಅನುಸೂಚಿಯಲ್ಲಿದೆ. ಕೊಲ್ಲುವುದು ಮಾತ್ರವಲ್ಲ, ಉರುಳು ಹಾಕುವುದು, ಆಮಿಷ ಒಡ್ಡುವುದು, ಅದಕ್ಕೆ ಪ್ರಯತ್ನಿಸುವುದು ಕೂಡ ಇಂದಿನ ಕಾಯಿದೆಯ ಪ್ರಕಾರ ಬೇಟೆಯೇ.

ಅಮೆರಿಕದ ವಾದ

ಉತ್ತರ ಅಮೆರಿಕದ ಸ್ಥಿತಿ ಬೇರೆ. ಅಲ್ಲಿಯ ಕಪ್ಪು ಕರಡಿ ಬೇರೆಯೇ ಜಾತಿ, ಸಂಖ್ಯೆ ಲಕ್ಷಗಟ್ಟಲೆ. ಪರವಾನಗಿ ಪಡೆದು ಅದನ್ನು ಬೇಟೆಯಾಡಿ ಮಾಂಸ ತಿನ್ನುವವರಿದ್ದಾರೆ. ಅದರ ಮಾಂಸದಲ್ಲಿ ಟ್ರೈಕಿನೆಲ್ಲ ಎಂಬ ಸೂಕ್ಷ್ಮ ಹುಳು ಇರುವ ಸಂಭವವಿರುವುದರಿಂದ ಪೂರ್ತಿ ಬೇಯಿಸಲೇಬೇಕು. ಮೇನ್ ರಾಜ್ಯದಲ್ಲಿ ಪೀಪಾಯಿಗಳಲ್ಲಿ ಸಿಹಿ ತಿಂಡಿ ತುಂಬಿಟ್ಟು, ಕರಡಿ ಬಂದಾಗ ಗುಂಡು ಹೊಡೆಯುವ ಪದ್ಧತಿಯಿದೆ. ಇದನ್ನು ನಿಷೇಧಿಸಬೇಕೆಂಬ ಪ್ರಸ್ತಾವವನ್ನು ಮತದಾರರು 2004ರಲ್ಲಿಯೂ 2014ರಲ್ಲಿಯೂ ತಿರಸ್ಕರಿಸಿದರು. ಕೊಲರಾಡೊ 1992ರಲ್ಲಿ, ಆರೆಗನ್ 1994ರಲ್ಲಿ, ವಾಷಿಂಗ್ಟನ್ ರಾಜ್ಯ 1996ರಲ್ಲಿ ಮತದಾನದ ಮೂಲಕವೇ ನಿಷೇಧಿಸಿದವು.

ಎರಡೂ ಕಡೆಯವರ ಮಾತು ಕೇಳತಕ್ಕದ್ದೇ. ದಟ್ಟ ಕಾಡಿನಲ್ಲಿ ಕರಡಿ ಹತ್ತಿರ ಬಂದರೆ ಮರಿಯಿರುವ ತಾಯಿಯೇ ಎಂದು ನೋಡಿ ಬಿಟ್ಟುಬಿಡಬಹುದು, ಗುರಿ ತಪ್ಪಿ ನರಳುವ ಪ್ರಾಣಿಗಳೂ ಕಡಿಮೆ ಎಂಬುದು ಒಂದು ವಾದ. ಚಳಿಗಾಲದ ದೀರ್ಘ ನಿದ್ರೆಗೆ ಮುಂಚೆ ಕೊಬ್ಬು ಕೂಡಿಸಲು ವಿಪರೀತ ಹಸಿದಿರುವ ಪ್ರಾಣಿಗೆ ಊಟ ಬಡಿಸಿ ಕೊಲ್ಲುವುದು ಬೇಟೆಯೇ ಅಲ್ಲ, ಮೇಲಾಗಿ ಮನುಷ್ಯರ ತಿನಿಸಿನ ರುಚಿ ಹತ್ತಿದ ಕರಡಿ ಊರಿಗೆ ಬರುತ್ತದೆ ಎಂಬುದು ಇನ್ನೊಂದು.

ಇಲ್ಲಿ ಮಾಂಸಾಹಾರ ಸರಿಯೆ ತಪ್ಪೆ ಎಂಬುದು ಪ್ರಶ್ನೆಯಲ್ಲ. ಆಮಿಷ ಇಟ್ಟವನಾದರೂ ಅದರ ಮುಂದೆ ಎಚ್ಚರದಿಂದ ಕಾದಿದ್ದರೆ ಬಂದದ್ದು ಯಾರೆಂದು ನೋಡಿ ಬಂದೂಕು ಇಳಿಸಬಲ್ಲ. ಉರುಳು, ಸಿಡಿಮದ್ದು ಇಟ್ಟು ಹೋದವನಿಗೆ ಆ ಅವಕಾಶವೂ ಇಲ್ಲ. ದಯೆ ತೋರುವ ಅವಕಾಶವನ್ನು ಅವನು ಮೊದಲೇ ಕೈಬಿಟ್ಟಿರುತ್ತಾನೆ.

ಪ್ರೀತಿಯ ಆಮಿಷ

ಪ್ರೀತಿಯಿಂದ ಒಡ್ಡುವ ಆಮಿಷವೂ ಉಂಟು. ಹಂಪಿಯ ಸಮೀಪದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚಿ, ನೆಕ್ಕಲು ಬಂದ ಕರಡಿಗಳನ್ನು ವೀಕ್ಷಣಾ ಗೋಪುರದಿಂದ ತೋರಿಸುವ ಪದ್ಧತಿ ಬೆಳೆದುಬಂತು. ಬೆನ್ನ ಮೇಲೆ ಮರಿ ಹೊತ್ತ ತಾಯಿಕರಡಿಯನ್ನು ಕಂಡ ಮಕ್ಕಳು ಅದನ್ನು ಮರೆಯಲಾರರು. ಕರಡಿಯ ಮೇಲಿನ ಭಯವೂ ಕಡಿಮೆಯಾದೀತು. ಹಾಗಿದ್ದರೂ, ಗೆದ್ದಲು ಹುಡುಕಿ ತಿನ್ನಬೇಕಾದ ಪ್ರಾಣಿಗೆ ಪುಕ್ಕಟೆ ಬೆಲ್ಲದ ಅಭ್ಯಾಸ ಒಳ್ಳೆಯದೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಹಂದಿ ಹಾಳು ಮಾಡಿದ ಬೆಳೆಗೆ ಅರಣ್ಯ ಇಲಾಖೆಯಿಂದ ಪರಿಹಾರ ಪಡೆಯಲು ಅವಕಾಶವಿದೆ. ಅರ್ಜಿ ಬರೆಯಲು ಬಾರದ ಅಪ್ಪನಿಗೆ ಶಾಲೆಗೆ ಹೋಗುವ ಮಗಳು ಬರೆದುಕೊಡಬಹುದು. ಬೇಲಿಯಲ್ಲಿ ಉರುಳು ಕಂಡರೆ ಕೈ ಹಾಕದೆ ದೊಡ್ಡವರಿಗೆ, ಅವರ ಮೂಲಕ ಅರಣ್ಯ ಸಿಬ್ಬಂದಿಗೆ ತಿಳಿಸಬಹುದು. ಬ್ರಹ್ಮಗಿರಿಯ ಬಂಡೆಯ ಮೇಲಿನ ಅಕ್ಷರಗಳನ್ನು ಓದಲು ಬ್ರಾಹ್ಮಿ ಲಿಪಿ ಕಲಿಯಬೇಕು. ಅದರ ಅರ್ಥವನ್ನು ಪಾಲಿಸಲು ಇಷ್ಟು ಸಾಕು.